ಮಕ್ಕಳಿರುವ ಮನೆಗೆ ಹೆಡ್‌ಫೋನ್: ಬಾಕ್ಸ್ ಬಿಡಿ, ವೈರ್ ನೋಡಿ

ಬಳ್ಳಾರಿಯ ಬೆಂಗಳೂರು ರಸ್ತೆಯ ಮೊಬೈಲ್ ಅಂಗಡಿಗಳಲ್ಲಿ ದಿನಾ ಕಾಣುವ ವ್ಯಾಪಾರ ಇದು. ಅಪ್ಪ ಗಾಜಿನ ಕೆಳಗಿನ ಬಾಕ್ಸ್ ತೋರಿಸಿ 'ಗಟ್ಟಿ ಐತೇನಪ್ಪಾ?' ಅನ್ನುತ್ತಾರೆ, ಅಂಗಡಿಯವನು 'ಏನೂ ಆಗಲ್ಲ ತಗೋರಿ' ಅನ್ನುತ್ತಾನೆ, ಪರೀಕ್ಷೆ ಮುಗಿಯಿತು. ಸ್ವಲ್ಪ ದಿನಕ್ಕೇ ಒಂದು ಕಿವಿ ಬಂದ್.

ಮೊದಲು ಯಾರಿಗೆ ಅಂತ ಯೋಚಿಸಿ. ಮನೆಯಲ್ಲಿ ತೀರಾ ಚಿಕ್ಕ ಮಗು ಇದ್ದರೆ ಇಯರ್‌ಬಡ್ ಅದರ ಕೈಗೆ ಸಿಗಲೇಬಾರದು. ಸೀದಾ ಬಾಯಿಗೆ ಹೋಗುತ್ತದೆ. ಶಾಲೆ ಮಕ್ಕಳಿಗೆ ಕಿವಿ ಮುಚ್ಚುವ, ವೈರ್ ಇರುವ ಹೆಡ್‌ಫೋನೇ ಸರಿ. ವೈರ್‌ಲೆಸ್ ಬಡ್ ಬೇಡ ಅಂದರೆ ಬೇಡ. ಒಂದು ಕಳೆದರೆ ಜೋಡಿ ಹೋಯಿತು, ಬ್ಯಾಟರಿ ಸತ್ತರೆ ನಮ್ಮೂರಲ್ಲಿ ಬದಲಾಯಿಸುವವರಿಲ್ಲ, ಮೇಲಾಗಿ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬಿಸಿಲಿಗೆ ನಿಂತ ಕಾರಿನೊಳಗೆ ಬಿಟ್ಟರೆ ಆ ಬ್ಯಾಟರಿಯ ಆಯಸ್ಸು ಬೇಗ ಮುಗಿಯುತ್ತದೆ. ಹಟ ಮಾಡಿ ತಗೊಂಡರೆ ಸರ್ಕಾರದ ಗುಣಮಟ್ಟ ಸಂಸ್ಥೆಯಾದ ಬಿಐಎಸ್‌ನ ಗುರುತಿನ ಜೊತೆ ಇರುವ 'ಆರ್' ನೋಂದಣಿ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ, ಅಸಲಿಯೇ ಅಂತ ನೋಡಿ.

ಈಗ ವೈರ್. ಹೆಡ್‌ಫೋನ್ ಸಾಯುವುದು ಹೆಚ್ಚಾಗಿ ಸ್ಪೀಕರ್‌ನಿಂದಲ್ಲ, ಪಿನ್ ಹತ್ತಿರ ವೈರ್ ಮಡಚಿ ಮಡಚಿ. ಮಕ್ಕಳು ಫೋನನ್ನು ಹೊಟ್ಟೆ ಮೇಲೆ ನಿಲ್ಲಿಸಿ ವಿಡಿಯೋ ನೋಡುತ್ತಾರಲ್ವಾ, ನೇರ ಪಿನ್ ಇದ್ದರೆ ಭಾರವೆಲ್ಲ ಅದರ ಬುಡಕ್ಕೇ ಬೀಳುತ್ತದೆ. ಅದಕ್ಕೆ 'ಎಲ್' ಆಕಾರದ ಪಿನ್ ನೋಡಿ. ಪಿನ್ನಿಂದ ವೈರ್ ಹೊರಬರುವ ಕಡೆ ಮೆತ್ತಗೆ ಬಾಗುವ ರಬ್ಬರ್ ತೋಳು ಇರಬೇಕು. ಅದು ಕಲ್ಲಿನ ಹಾಗೆ ಗಟ್ಟಿ ಇದ್ದರೆ ಉಪಯೋಗವಿಲ್ಲ, ತೋಳು ಮುಗಿಯುವ ಜಾಗದಲ್ಲೇ ತುಂಡಾಗುತ್ತದೆ. ಅಂಗಡಿಯಲ್ಲೇ ಹಾಡು ಹಚ್ಚಿ, ಬುಡದಲ್ಲಿ ವೈರನ್ನು ನಾಲ್ಕೂ ಕಡೆ ಮೆಲ್ಲಗೆ ಬಾಗಿಸಿ. ಕರಕರ ಅಂದರೆ ವಾಪಸ್ ಕೊಡಿ. ವೈರ್ ಎರಡಾಗಿ ಸೀಳುವ ಜಾಗದಲ್ಲೂ ಇದೇ ಪರೀಕ್ಷೆ. ಅಂಗಡಿಯವನು ಮುಖ ಗಂಟು ಹಾಕಿಕೊಂಡರೆ ಹಾಕಿಕೊಳ್ಳಲಿ. ಬಟ್ಟೆ ಸುತ್ತಿದ ವೈರ್‌ಗೆ ಮರುಳಾಗಬೇಡಿ, ಗಂಟು ಬೀಳುವುದು ಕಡಿಮೆ ಅಷ್ಟೇ, ಒಳಗಿನ ತಂತಿ ಕೂದಲಿನಷ್ಟೇ ತೆಳ್ಳಗಿರಬಹುದು.

ಎಲ್ಲಕ್ಕಿಂತ ಒಳ್ಳೆಯದು ಎರಡೂ ತುದಿ ಬಿಚ್ಚಿ ಬರುವ ವೈರ್. ನಾಯಿ ಕಚ್ಚಲಿ, ಕುರ್ಚಿ ಕಾಲಿಗೆ ಸಿಗಲಿ, ವೈರ್ ಒಂದನ್ನೇ ಬದಲಾಯಿಸಬಹುದು. ಹೊಸ ಪಿನ್ ಬೆಸುಗೆ ಹಾಕಿಸಿದರಾಯಿತು ಅನ್ನುವವರಿದ್ದಾರೆ. ಒಳಗಿನ ತಂತಿಗೆ ವಾರ್ನಿಷ್ ಲೇಪ ಇರುತ್ತದೆ, ಅದನ್ನು ಸುಟ್ಟೋ ಕೆರೆದೋ ತೆಗೆಯದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಅವಸರದಲ್ಲಿ ಮಾಡಿಸಿದ್ದು ಉಳಿಯುವುದು ಅಪರೂಪ.

ತಲೆಪಟ್ಟಿ ಮಡಚುವಂಥದ್ದು ಬೇಡ, ಕೀಲು ಮುರಿಯುತ್ತದೆ. ಕಿವಿ ದಿಂಬು ಬಿಡಿಯಾಗಿ ಸಿಗುವ ಮಾಡೆಲ್ ಇರಲಿ, ನಮ್ಮ ಬೆವರು ಮತ್ತು ಕೆಂಧೂಳಿಗೆ ಮೊದಲು ಸಿಪ್ಪೆ ಏಳುವುದು ಅದೇ.

ಸೌಂಡು: ವಿಶ್ವ ಆರೋಗ್ಯ ಸಂಸ್ಥೆ ಮಕ್ಕಳಿಗೆ ಹೇಳುವ ಮಿತಿ 75 ಡೆಸಿಬೆಲ್, ವಾರಕ್ಕೆ 40 ಗಂಟೆ. 'ಕಿಡ್ಸ್' ಅಂತ ಬರೆದ ಹೆಡ್‌ಫೋನ್‌ಗಳಲ್ಲಿ ಎಷ್ಟೋ 85ಕ್ಕೆ ನಿಲ್ಲುತ್ತವೆ, ಹಾಗಾಗಿ ಫೋನ್‌ನಲ್ಲೂ ವಾಲ್ಯೂಮ್ ಮಿತಿ ಹಾಕಿ. ಕೆಲವು ಮಾಡೆಲ್‌ಗಳಲ್ಲಿ ಈ ತಡೆ ವೈರ್‌ನಲ್ಲೇ ಇರುತ್ತದೆ. ಬೇರೆ ವೈರ್ ಹಾಕಿದರೆ ತಡೆಯೂ ಹೋಯಿತು, ಮರೆಯಬೇಡಿ.

ಇಬ್ಬರು ಮಕ್ಕಳಿದ್ದರೆ ಒಂದು ಪಿನ್ ಎರಡಾಗುವ ಸ್ಪ್ಲಿಟರ್ ತಂದಿಡಿ. ಒಂದೇ ಹೆಡ್‌ಫೋನನ್ನು ಇಬ್ಬರೂ ಎಳೆದಾಡಿದರೆ ಯಾವ ಕಂಪನಿಯದ್ದೂ ಉಳಿಯುವುದಿಲ್ಲ.