ಬಿಡದ ಜ್ವರ, ಕಂದು ಹಾಕಿದ ಕುರಿ: ಬ್ರುಸೆಲ್ಲೋಸಿಸ್ ಪತ್ತೆಹಚ್ಚಿದ ನನ್ನ ಅನುಭವ

ಬಾಗಲಕೋಟೆ, ಕೊಪ್ಪಳದ ಕಡೆಯ ಕುರಿಗಾಹಿಗಳನ್ನು ನೋಡುವ ವೈದ್ಯ ನಾನು. ಜ್ವರ ಎರಡು ವಾರ ದಾಟಿದೆ ಎಂದರೆ ರೋಗಿಯ ನಾಡಿ ಹಿಡಿದುಕೊಂಡೇ ಅವರ ಹಟ್ಟಿಯ ವಿಚಾರ ಕೇಳಲು ಶುರುಮಾಡುತ್ತೇನೆ. ಬ್ರುಸೆಲ್ಲೋಸಿಸ್ ಎಂದರೆ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬಂದು, ಜಾನುವಾರುಗಳಿಂದ ಮನುಷ್ಯರಿಗೆ ಅಂಟುವ ರೋಗ. ಅದಕ್ಕೆ ತನ್ನದೇ ಆದ ಗುರುತಿಲ್ಲ. ಸಂಜೆಗೆ ಏರುವ ಜ್ವರ, ಅಂಗಿ ತೊಯ್ಯುವಷ್ಟು ಬೆವರು, ಕೀಲುನೋವು, ಸೊಂಟನೋವು, ಗಂಡಸರಲ್ಲಿ ಕೆಲವೊಮ್ಮೆ ವೃಷಣದ ಬಾವು. ಇವುಗಳಲ್ಲಿ ಹೆಚ್ಚಿನವು ಟೈಫಾಯ್ಡ್‌ನಲ್ಲೂ ಕ್ಷಯದಲ್ಲೂ ಇರುತ್ತವೆ. ಹಾಗಾಗಿ ನನ್ನ ಬಳಿ ಬರುವ ಹೊತ್ತಿಗೆ ಅನೇಕರ ಚೀಲದಲ್ಲಿ ಟೈಫಾಯ್ಡ್‌ಗೆ ಮಾಡುವ ವಿಡಾಲ್ ರಕ್ತಪರೀಕ್ಷೆಯ ವರದಿಗಳ ಕಟ್ಟೇ ಇರುತ್ತದೆ.

‘ದನಕರು ಇವೆಯೇ?’ ಎಂದು ಕೇಳಿದರೆ ಸಾಲದು. ಹಳ್ಳಿಯಲ್ಲಿ ಯಾರ ಮನೆಯಲ್ಲಿ ಇರುವುದಿಲ್ಲ? ಕುರಿ, ಮೇಕೆ, ಎಮ್ಮೆ ಯಾವುದಾದರೂ ಕಂದು ಹಾಕಿತೇ (ಗರ್ಭಪಾತವಾಯಿತೇ), ಅದರ ಮಾಸನ್ನು ಎತ್ತಿದವರು ಯಾರು, ಹಾಲನ್ನು ಹಸಿಯಾಗಿ ಕುಡಿಯುತ್ತೀರಾ ಎಂದೇ ಕೇಳಬೇಕು. ಸೋಂಕು ತಗುಲಿ ತಿಂಗಳುಗಳ ಮೇಲೆ ಜ್ವರ ಬರುವುದೂ ಉಂಟು. ಅದಕ್ಕಾಗಿ ಕಳೆದ ಆರು ತಿಂಗಳ ಮಾತನ್ನಾದರೂ ಕೆದಕುತ್ತೇನೆ.

ಬೆನ್ನುಮೂಳೆಯ ಕ್ಷಯ ಎಂದು ಚಿಕಿತ್ಸೆ ಶುರುವಾಗಿದ್ದ ಹಿರಿಯ ಕುರಿಗಾಹಿಯೊಬ್ಬರು ಬಂದಿದ್ದರು. ಎಂಆರ್‌ಐನಲ್ಲಿ ಸೊಂಟದ ನಾಲ್ಕು ಮತ್ತು ಐದನೆಯ ಕಶೇರುಗಳಿಗೆ (ಬೆನ್ನೆಲುಬಿನ ಮಣಿಗಳಿಗೆ) ಹಾನಿಯಾಗಿತ್ತು, ಆದರೆ ಮೂಳೆ ಕುಸಿದಿರಲಿಲ್ಲ. ಕ್ಷಯ ಹೆಚ್ಚಾಗಿ ಎದೆಮಟ್ಟದ ಕಶೇರುಗಳನ್ನು ಕೆಡಿಸಿ ಬೆನ್ನು ಬಾಗಿಸುತ್ತದೆ. ಬ್ರುಸೆಲ್ಲಾ ಸೊಂಟವನ್ನು ಹಿಡಿಯುತ್ತದೆ. ‘ಯಜಮಾನರೇ, ಕುರಿ ಕಂದು ಹಾಕಿದ್ದವೇ?’ ಎಂದೆ. ‘ಹೌದು ಸಾಹೇಬರೇ, ಸಾಲಾಗಿ ಹಾಕಿದವು. ಎಲ್ಲವನ್ನೂ ನಾನೇ ಬರಿಗೈಯಲ್ಲಿ ಎಳೆದು ಹಾಕಿದೆ’ ಎಂದರು. ಹಿಂದಿನ ಯಾವ ಚೀಟಿಯಲ್ಲೂ ಈ ಮಾತು ಇರಲಿಲ್ಲ.

ರಕ್ತದಲ್ಲಿ ಬ್ರುಸೆಲ್ಲಾ ವಿರುದ್ಧದ ಪ್ರತಿಕಾಯ (ರೋಗಾಣುವನ್ನು ಎದುರಿಸಲು ದೇಹ ತಯಾರಿಸುವ ವಸ್ತು) ಇದೆಯೇ ಎಂದು ಬೇಗ ತಿಳಿಸುವ ರೋಸ್ ಬೆಂಗಾಲ್ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ನಿಂತು ನೋಡಿದೆ. ಬಿಳಿ ಫಲಕದ ಮೇಲೆ ಒಂದು ಹನಿ ಸೀರಂ (ರಕ್ತದ ತಿಳಿ), ಅಷ್ಟೇ ಪ್ರಮಾಣದ ಗುಲಾಬಿ ಬಣ್ಣದ ಆ್ಯಂಟಿಜನ್, ಅಂದರೆ ಬಣ್ಣ ಹಾಕಿದ ಸತ್ತ ಬ್ರುಸೆಲ್ಲಾ ರೋಗಾಣುಗಳ ದ್ರವ. ಕಡ್ಡಿಯಿಂದ ಕಲಸಿ ಫಲಕವನ್ನು ಮೆಲ್ಲಗೆ ಆಡಿಸುತ್ತಿದ್ದಂತೆ, ನಾಲ್ಕು ನಿಮಿಷದೊಳಗೇ ನಯವಾಗಿದ್ದ ಬಣ್ಣ ಒಡೆದು ಕಾಳುಕಾಳಾಯಿತು. ಪರೀಕ್ಷೆ ಧನಾತ್ಮಕ ಎಂದರ್ಥ. 1905ರಲ್ಲಿ ಮಾಲ್ಟಾದ ವೈದ್ಯ ಥೆಮಿಸ್ಟೋಕ್ಲೆಸ್ ಝಮ್ಮಿಟ್ ಆಡುಗಳೇ ಈ ರೋಗದ ನೆಲೆ ಎಂದು ಕಂಡುಕೊಂಡದ್ದೂ ಅವುಗಳ ರಕ್ತ ಹೀಗೆ ರೋಗಾಣುವನ್ನು ಗುಂಪುಗಟ್ಟಿಸಿದ್ದರಿಂದಲೇ.

ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಸೀರಂ ಅನ್ನು ಹಂತಹಂತವಾಗಿ ತೆಳುಮಾಡಿ ನೋಡುವ ಕೊಳವೆ ಪರೀಕ್ಷೆಯಲ್ಲಿ ಫಲಿತಾಂಶ 1:160 (160 ಪಟ್ಟು ತೆಳುಮಾಡಿದರೂ ಧನಾತ್ಮಕ) ಅಥವಾ ಅದಕ್ಕಿಂತ ಮೇಲಿದ್ದು, ಲಕ್ಷಣಗಳೂ ಕೂಡಿಬಂದರೆ ಒಪ್ಪಿಕೊಳ್ಳುತ್ತೇನೆ. ಕುರಿ ಕಾಯುವವರ ರಕ್ತದಲ್ಲಿ ಹಳೆಯ ಸೋಂಕಿನ ಪ್ರತಿಕಾಯ ಉಳಿದಿರಬಹುದು, ಅಂಕಿಯೊಂದನ್ನೇ ನಂಬುವಂತಿಲ್ಲ. ಇನ್ನೊಂದು ಅಪಾಯವೂ ಇದೆ: ಪ್ರತಿಕಾಯ ತೀರಾ ಹೆಚ್ಚಿದ್ದರೆ ಕಡಿಮೆ ತೆಳುಮಾಡಿದ ಕೊಳವೆಗಳಲ್ಲಿ ಪರೀಕ್ಷೆ ಋಣಾತ್ಮಕವಾಗಿ ಕಾಣುತ್ತದೆ. ಅದಕ್ಕೇ ‘1:1280ರವರೆಗೂ ನೋಡಿ’ ಎಂದು ಚೀಟಿಯಲ್ಲೇ ಬರೆಯುತ್ತೇನೆ.

ರಕ್ತದಿಂದ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗೆ ಕಳುಹಿಸುವಾಗ ‘ಬ್ರುಸೆಲ್ಲಾ ಶಂಕೆ’ ಎಂದು ದೊಡ್ಡದಾಗಿ ಬರೆಯುವುದನ್ನು ಎಂದೂ ಬಿಡುವುದಿಲ್ಲ. ಈ ರೋಗಾಣು ನಿಧಾನವಾಗಿ ಬೆಳೆಯುತ್ತದೆ. ಹೇಳದಿದ್ದರೆ ಬಾಟಲಿಯನ್ನು ಬೇಗ ಎಸೆದುಬಿಡಬಹುದು. ಅದಕ್ಕಿಂತ ಮುಖ್ಯವಾಗಿ, ತೆರೆದ ಮೇಜಿನ ಮೇಲೆ ರೋಗಾಣು ಬೆಳೆದ ತಟ್ಟೆ ಬಿಚ್ಚಿದ ತಂತ್ರಜ್ಞರಿಗೇ ಉಸಿರಿನ ಮೂಲಕ ರೋಗ ಅಂಟಬಹುದು. ಅವರ ಜೀವದ ಪ್ರಶ್ನೆ ಅದು.

ಕ್ಷಯದ ಔಷಧಿಯಿಂದ ಆ ಹಿರಿಯರಿಗೆ ಅರ್ಧಂಬರ್ಧ ಗುಣ ಕಂಡಿತ್ತು. ಅಚ್ಚರಿಯಿಲ್ಲ: ಕ್ಷಯದ ಔಷಧಿಗಳಲ್ಲೊಂದಾದ ರಿಫಾಂಪಿಸಿನ್ ಬ್ರುಸೆಲ್ಲಾ ಮೇಲೂ ಕೆಲಸ ಮಾಡುತ್ತದೆ. ಗುಣವಾಯಿತೆಂದ ಮಾತ್ರಕ್ಕೆ ಕ್ಷಯವೇ ಎಂದು ತೀರ್ಮಾನಿಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಕಡೆ ಬೆನ್ನುಮೂಳೆಯ ಕ್ಷಯ ಎನ್ನುವ ಮುನ್ನ ಬ್ರುಸೆಲ್ಲಾ ಪರೀಕ್ಷೆ ಆಗಲೇಬೇಕು. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ ಆರು ವಾರ, ಜೊತೆಗೆ ಮೊದಲ ಎರಡು–ಮೂರು ವಾರ ಸ್ಟ್ರೆಪ್ಟೋಮೈಸಿನ್ ಚುಚ್ಚುಮದ್ದು ಕೊಡುತ್ತೇವೆ. ಇವರಿಗೆ ಬೆನ್ನುಮೂಳೆಗೆ ತಗುಲಿದ್ದರಿಂದ ಮಾತ್ರೆಗಳನ್ನು ಮೂರು ತಿಂಗಳಿಗೂ ಮೇಲೆ ಮುಂದುವರಿಸಿದೆ.

ರೋಗ ಖಚಿತವಾದ ಮೇಲೆ ಮನೆಮಂದಿಯನ್ನೆಲ್ಲ ಕರೆಸುತ್ತೇನೆ, ಪಶುವೈದ್ಯರಿಗೂ ತಿಳಿಸುತ್ತೇನೆ. ಈ ಮನೆಯಲ್ಲಿ ಹಟ್ಟಿ ಗುಡಿಸುತ್ತಿದ್ದ ಸೊಸೆಗೂ ಸಣ್ಣ ಜ್ವರವಿತ್ತು, ಆಕೆ ಗರ್ಭಿಣಿ. ಆಕೆಯ ಪರೀಕ್ಷೆಯೂ ಧನಾತ್ಮಕವಾಗಿ ಬಂತು. ಗರ್ಭಿಣಿಗೆ ಡಾಕ್ಸಿಸೈಕ್ಲಿನ್ ಸಲ್ಲದು. ಪ್ರಸೂತಿ ತಜ್ಞರೊಂದಿಗೆ ಮಾತಾಡಿ ರಿಫಾಂಪಿಸಿನ್ ಆರಂಭಿಸಿದೆವು.