ಕೈಯಿಂದ ಇಳಿಸಿಟ್ಟು ಆಡಿದ ಮೇಲೆ

ಕೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ಸಾಧನವಾದ ಸ್ಟೀಮ್ ಡೆಕ್‌ನ ಮೊದಲ ಮಾದರಿ 669 ಗ್ರಾಂ ತೂಗುತ್ತದೆ. ಅರ್ಧ ಗಂಟೆಯ ಆಟಕ್ಕೆ ಅದು ಲೆಕ್ಕಕ್ಕೇ ಬರುವುದಿಲ್ಲ. ಎರಡು ಗಂಟೆ ದಾಟಿದಾಗ ಮಣಿಕಟ್ಟು ಆ ತೂಕವನ್ನು ಗ್ರಾಂ ಗ್ರಾಂ ಆಗಿ ಎಣಿಸತೊಡಗುತ್ತದೆ. ಏಳು ಇಂಚಿನ ಪರದೆಗಾಗಿ ಕತ್ತು ಬಗ್ಗಿಸಿಕೊಂಡು ಕೂತು ಕೂತು, ನನಗೆ ಬಲ ಹೆಬ್ಬೆರಳಿನ ಬುಡದಲ್ಲಿ ನೋವು ನೆಲೆಯೂರಿತು. ಆಟ ಬಿಡಲು ಮನಸ್ಸು ಒಪ್ಪಲಿಲ್ಲ. ಸಾಧನವನ್ನು ಮೇಜಿನ ಮೇಲೆ ನಿಲ್ಲಿಸಿ, ಹಿಂದಕ್ಕೆ ಒರಗಿ, ಬೇರೆ ಕಂಟ್ರೋಲರ್ ಹಿಡಿದು ಆಡುವುದೆಂದು ತೀರ್ಮಾನಿಸಿದೆ. ಐದು ನಿಮಿಷದ ಕೆಲಸ ಎಂದುಕೊಂಡಿದ್ದೆ. ಎಲ್ಲವೂ ನನಗೆ ಬೇಕಾದಂತೆ ಕೂರಲು ಮೂರು ವಾರ ಹಿಡಿಯಿತು.

ಮೊದಲ ಸಂಜೆ ಮನೆಯಲ್ಲಿದ್ದ ಕನ್ಸೋಲ್‌ನ ಕಂಟ್ರೋಲರನ್ನೇ ಎತ್ತಿಕೊಂಡೆ. ಡೆಕ್‌ನಲ್ಲಿ ಬ್ಲೂಟೂತ್ ಪಟ್ಟಿ ತೆರೆದು, ಕಂಟ್ರೋಲರ್‌ನ ನಡುವಿನ ಗುಂಡಿ ಒತ್ತಿದೆ. ಪಟ್ಟಿಯಲ್ಲಿ ಏನೂ ಕಾಣಲಿಲ್ಲ. ಮತ್ತೆ ಒತ್ತಿದೆ. ಆಗ ಪಕ್ಕದ ಕೋಣೆಯಿಂದ ತಮ್ಮ ಕೂಗಿದ: "ಅಕ್ಕಾ, ಟಿವಿ ಕೆಳಗಿನದು ತಾನಾಗಿಯೇ ಆನ್ ಆಗುತ್ತಿದೆ!" ಕಂಟ್ರೋಲರ್ ತನ್ನ ಹಳೆಯ ಯಜಮಾನನನ್ನೇ ಕರೆಯುತ್ತಿತ್ತು. ನಡುವಿನ ಗುಂಡಿಯನ್ನಷ್ಟೇ ಒತ್ತಿದರೆ ಅದು ಈ ಹಿಂದೆ ಜೋಡಿಯಾಗಿದ್ದ ಸಾಧನವನ್ನು ಹುಡುಕುತ್ತದೆ. ಹೊಸ ಸಾಧನಕ್ಕೆ ಜೋಡಿಸಬೇಕಾದರೆ ಬೇರೆ ಕ್ರಮವಿದೆ. ಪ್ಲೇಸ್ಟೇಷನ್‌ನ ಡ್ಯುಯಲ್‌ಶಾಕ್ 4 ಕಂಟ್ರೋಲರ್‌ನಲ್ಲಿ ಶೇರ್ ಗುಂಡಿಯನ್ನೂ ಪಿಎಸ್ ಗುಂಡಿಯನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು, ಅದರ ನಂತರದ ಡ್ಯುಯಲ್‌ಸೆನ್ಸ್‌ನಲ್ಲಿ ಶೇರ್ ಬದಲು ಕ್ರಿಯೇಟ್. ಎಕ್ಸ್‌ಬಾಕ್ಸ್ ಕಂಟ್ರೋಲರ್‌ನಲ್ಲಿಯೂ ನಿಂಟೆಂಡೊ ಪ್ರೊ ಕಂಟ್ರೋಲರ್‌ನಲ್ಲಿಯೂ ಮೇಲಂಚಿನಲ್ಲಿ ಇದಕ್ಕೆಂದೇ ಒಂದು ಪುಟ್ಟ ಗುಂಡಿ ಇರುತ್ತದೆ. ದೀಪ ಬೇಗ ಬೇಗ ಮಿನುಗತೊಡಗಿದ ಮೇಲೆಯೇ ಬೆರಳು ತೆಗೆಯಬೇಕು. ಆ ಮಿನುಗು ಕಾಣದೆ ಪಟ್ಟಿಯನ್ನು ಎಷ್ಟು ಹೊತ್ತು ನೋಡಿದರೂ ಹೆಸರು ಬಾರದು.

ಹಳೆಯ ಎಕ್ಸ್‌ಬಾಕ್ಸ್ ಕಂಟ್ರೋಲರ್ ಇಟ್ಟುಕೊಂಡವರು ಇನ್ನೊಂದನ್ನು ನೋಡಿಕೊಳ್ಳಿ. ಬ್ಲೂಟೂತ್ ಬಂದದ್ದು 2016ರ ಮಾದರಿಯಿಂದ. ಗುರುತು ಹಿಡಿಯುವುದು ಸುಲಭ: ಎಕ್ಸ್‌ಬಾಕ್ಸ್ ಲಾಂಛನದ ಗುಂಡಿಯ ಸುತ್ತಲಿನ ಪ್ಲಾಸ್ಟಿಕ್ ಮುಂಭಾಗದ ಕವಚದ್ದೇ ಮುಂದುವರಿಕೆಯಾಗಿದ್ದರೆ ಬ್ಲೂಟೂತ್ ಇದೆ. ಅದು ಮೇಲಿನ ಭುಜದ ಗುಂಡಿಗಳ ಜೊತೆ ಒಂದೇ ತುಂಡಾಗಿದ್ದರೆ ಇಲ್ಲ. ಅಂಥದ್ದಕ್ಕೆ ಕೇಬಲ್ ಅಥವಾ ಅದರದೇ ಡಾಂಗಲ್ (ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ನಿಸ್ತಂತು ಸಾಧನ) ಬೇಕು.

ಈಗ ಯಾರಾದರೂ ಕೇಳಿದರೆ, ಮೊದಲು ಕೇಬಲ್ ಹಾಕಿ ನೋಡಿ ಎನ್ನುತ್ತೇನೆ. ಕೇಬಲ್‌ನಲ್ಲಿ ಕೆಲಸ ಮಾಡಿದರೆ ಕಂಟ್ರೋಲರ್ ಸರಿಯಿದೆ, ಆಟಕ್ಕೂ ಅದರ ಪರಿಚಯವಿದೆ ಎಂದು ಖಚಿತವಾಗುತ್ತದೆ. ಉಳಿದದ್ದು ನಿಸ್ತಂತು ಸಂಪರ್ಕದ ತೊಡಕು ಮಾತ್ರ. ಆದರೆ ಕೇಬಲ್ ಕೂಡ ಕೈ ಕೊಡಬಹುದು. ನಾನು ಹಾಕಿದ ಮೊದಲ ಕೇಬಲ್‌ನಲ್ಲಿ ಚಾರ್ಜ್ ದೀಪ ಹೊತ್ತಿಕೊಂಡಿತು, ಡೆಕ್ ಮಾತ್ರ ಕಂಟ್ರೋಲರನ್ನು ಗುರುತಿಸಲೇ ಇಲ್ಲ. ಅರ್ಧ ಗಂಟೆ ಸೆಟ್ಟಿಂಗ್‌ಗಳನ್ನೆಲ್ಲ ಕೆದಕಿದ ಮೇಲೆ ಬೇರೆ ಕೇಬಲ್ ಹಾಕಿದೆ. ತಕ್ಷಣ ಹೆಸರು ಬಂತು. ಮೊದಲನೆಯದು ಚಾರ್ಜಿಂಗ್‌ಗೆ ಮಾತ್ರ ಮಾಡಿದ ಕೇಬಲ್. ಅದರೊಳಗೆ ದತ್ತಾಂಶ ಸಾಗಿಸುವ ತಂತಿಗಳೇ ಇರಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ರೀತಿ ಕಾಣುತ್ತವೆ. ಕೆಲಸ ಮಾಡುವ ಕೇಬಲ್‌ಗೆ ನಾನು ಕೆಂಪು ದಾರ ಕಟ್ಟಿಟ್ಟಿದ್ದೇನೆ.

ಡೆಕ್‌ನಲ್ಲಿ ಇರುವುದು ಒಂದೇ ಯುಎಸ್‌ಬಿ-ಸಿ ಕಿಂಡಿ. ಕಂಟ್ರೋಲರ್ ಅಲ್ಲಿ ಕುಳಿತರೆ ಚಾರ್ಜರ್‌ಗೆ ಜಾಗವಿಲ್ಲ. ಮೇಲಾಗಿ ಕಂಟ್ರೋಲರ್ ತನ್ನ ಬ್ಯಾಟರಿ ತುಂಬಿಸಿಕೊಳ್ಳಲು ಡೆಕ್‌ನ ಬ್ಯಾಟರಿಗೇ ಬಾಯಿ ಹಾಕುತ್ತದೆ. ಹಾಗಾಗಿ ಒಂದು ಕಿಂಡಿಯನ್ನು ಹಲವಾಗಿಸುವ, ಚಾರ್ಜರನ್ನೂ ಒಳಗೆ ಹಾಯಿಸುವ ಒಂದು ಹಬ್ ಕೊಂಡೆ. ಇದು ಖಂಡಿತ ಬೇಕಾದ ವಸ್ತು.

ಇನ್ನು ನನ್ನನ್ನು ಅತಿ ಹೆಚ್ಚು ಕಾಡಿದ ಸಂಗತಿಗೆ ಬರುತ್ತೇನೆ. ಕಂಟ್ರೋಲರ್ ಜೋಡಿಯಾಯಿತು, ಮುಖಪುಟದಲ್ಲಿ ಅತ್ತಿತ್ತ ಓಡಾಡಲು ಬಂತು, ಆಟ ತೆರೆದರೆ ನಾಯಕ ನಿಂತಲ್ಲೇ ನಿಂತಿದ್ದಾನೆ. ಡೆಕ್‌ನ ಸ್ಟಿಕ್ ತಳ್ಳಿದರೆ ಓಡುತ್ತಾನೆ. ಕೈಯಲ್ಲಿರುವ ಕಂಟ್ರೋಲರ್‌ಗೆ ಮಾತ್ರ ಕಿವುಡು. ಕಂಟ್ರೋಲರ್ ಕೆಟ್ಟಿದೆಯೆಂದೇ ನಂಬಿಬಿಟ್ಟಿದ್ದೆ. ನಡೆದದ್ದು ಇಷ್ಟು: ಸಾಧನದ ಮೈಯಲ್ಲೇ ಇರುವ ಗುಂಡಿಗಳೂ ಒಂದು ಕಂಟ್ರೋಲರ್ ಎಂದೇ ಲೆಕ್ಕ, ಅದಕ್ಕೆ ಒಂದನೆಯ ಸ್ಥಾನ. ಹೊರಗಿನಿಂದ ಬಂದದ್ದು ಎರಡನೆಯ ಆಟಗಾರ. ಒಬ್ಬರೇ ಆಡುವ ಎಷ್ಟೋ ಆಟಗಳು ಒಂದನೆಯ ಸ್ಥಾನದ ಮಾತನ್ನಷ್ಟೇ ಕೇಳುತ್ತವೆ.

ಡೆಕ್‌ನಲ್ಲಿ ಮೂರು ಚುಕ್ಕಿಗಳ ಗುಂಡಿ ಒತ್ತಿದರೆ ಬಲಗಡೆ ತೆರೆಯುವ ಪಟ್ಟಿಯಲ್ಲಿ ಕಂಟ್ರೋಲರ್‌ಗಳ ಸರದಿ ಬದಲಿಸುವ ಅವಕಾಶವಿದೆ. ಹೊರಗಿನದನ್ನು ಮೇಲಕ್ಕೆ ತಂದು, ಡೆಕ್‌ನದನ್ನು ಕೆಳಕ್ಕೆ ಇಳಿಸಿದೆ. ಮರಳಿ ಆಟಕ್ಕೆ ಬಂದು ಸ್ಟಿಕ್ ತಳ್ಳಿದಾಗ ನಾಯಕ ಓಡಿದ. ಆ ಕ್ಷಣದ ಸಂತೋಷ ಇನ್ನೂ ನೆನಪಿದೆ, ಎದ್ದು ನಿಂತೇಬಿಟ್ಟಿದ್ದೆ. ಕೆಲವು ಹಳೆಯ ಆಟಗಳು ಯಾವ ಯಾವ ಕಂಟ್ರೋಲರ್‌ಗಳಿವೆ ಎಂಬುದನ್ನು ಶುರುವಾಗುವಾಗ ಒಮ್ಮೆ ಮಾತ್ರ ಎಣಿಸುತ್ತವೆ. ಅವುಗಳಿಗೆ ಮೊದಲೇ ಜೋಡಿಸಿ, ಸರದಿ ಸರಿಪಡಿಸಿ, ಆಮೇಲೆ ಆಟ ತೆರೆಯಬೇಕು. ಕಂಟ್ರೋಲರ್‌ನ ಮಾತು ಕೇಳಲು ಎಕ್ಸ್‌ಇನ್‌ಪುಟ್ ಎಂಬ ಪದ್ಧತಿಯನ್ನು ನಂಬಿದ ಆಟಗಳು ನಾಲ್ಕಕ್ಕಿಂತ ಹೆಚ್ಚು ಕಂಟ್ರೋಲರ್‌ಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರಲ್ಲಿ ಒಂದು ಜಾಗವನ್ನು ಡೆಕ್ ತಾನೇ ಹಿಡಿದು ಕೂತರೆ ನಾಲ್ವರು ಗೆಳೆಯರಲ್ಲಿ ಒಬ್ಬರು ಸುಮ್ಮನೆ ನೋಡಬೇಕಾಗುತ್ತದೆ. ಅಂಥ ದಿನ ಸರದಿಯ ಪಟ್ಟಿಯನ್ನು ಮೊದಲೇ ನೋಡಿ.

ಅಕ್ಷರಗಳ ಅದಲು ಬದಲು ಇನ್ನೊಂದು ಸಣ್ಣ ಕಾಟ. ಎಕ್ಸ್‌ಬಾಕ್ಸ್ ಕ್ರಮದಲ್ಲಿ ಎ ಗುಂಡಿ ಕೆಳಗೆ, ಬಿ ಬಲಗಡೆ. ನಿಂಟೆಂಡೊ ಕ್ರಮದಲ್ಲಿ ಎ ಬಲಗಡೆ, ಬಿ ಕೆಳಗೆ. ಡೆಕ್‌ನಲ್ಲಿ ಆಟಗಳನ್ನು ನಡೆಸುವ ಸ್ಟೀಮ್ ತಂತ್ರಾಂಶದ ಕಂಟ್ರೋಲರ್ ಸೆಟ್ಟಿಂಗ್‌ನಲ್ಲಿ ನಿಂಟೆಂಡೊ ಕ್ರಮಕ್ಕೆಂದು ಒಂದು ಆಯ್ಕೆಯಿದೆ. ಅಕ್ಷರ ನೋಡಿ ಒತ್ತುವವರು ಅದನ್ನು ಆನ್ ಮಾಡಿ, ಜಾಗದ ಅಭ್ಯಾಸದಿಂದ ಒತ್ತುವವರು ಆಫ್ ಮಾಡಿ. ನಾನು ಎರಡನೆಯ ಗುಂಪಿನವಳು.

ಡೆಕ್‌ನಲ್ಲಿ ನಾನು ಜತನದಿಂದ ಹೊಂದಿಸಿಕೊಂಡಿದ್ದ ಗುಂಡಿಗಳ ವಿನ್ಯಾಸ ಹೊರಗಿನ ಕಂಟ್ರೋಲರ್‌ಗೆ ಬರಲಿಲ್ಲ. ಸ್ಟೀಮ್ ಪ್ರತಿ ಆಟಕ್ಕೂ, ಪ್ರತಿ ಬಗೆಯ ಕಂಟ್ರೋಲರ್‌ಗೂ ಬೇರೆ ಬೇರೆ ವಿನ್ಯಾಸ ಇಟ್ಟುಕೊಳ್ಳುತ್ತದೆ. ಡೆಕ್‌ನ ಬೆನ್ನಿನ ನಾಲ್ಕು ಗುಂಡಿಗಳೂ ಎರಡು ಟ್ರ್ಯಾಕ್‌ಪ್ಯಾಡ್‌ಗಳೂ ಮಾಮೂಲಿ ಕಂಟ್ರೋಲರ್‌ನಲ್ಲಿ ಇರುವುದಿಲ್ಲ. ಬೆನ್ನಿನ ಗುಂಡಿಗೆ ಕೊಟ್ಟಿದ್ದ ನಕ್ಷೆ ತೆರೆಯುವ ಕೆಲಸವನ್ನು ನಾನು ಬೇರೊಂದು ಗುಂಡಿಯ ದೀರ್ಘ ಒತ್ತಿಗೆ ವರ್ಗಾಯಿಸಿದೆ: ತಟ್ಟಿದರೆ ಒಂದು ಕೆಲಸ, ಒತ್ತಿ ಹಿಡಿದರೆ ಇನ್ನೊಂದು. ಸಾಧನವನ್ನು ಓರೆಯಾಗಿಸಿ ಗುರಿ ಹಿಡಿಯುವ ಅಭ್ಯಾಸ ಇರುವವರು ಗೈರೊ (ಓರೆಯಾದದ್ದನ್ನು ಗುರುತಿಸುವ ಸಂವೇದಕ) ಇರುವ ಕಂಟ್ರೋಲರನ್ನೇ ಆರಿಸಿಕೊಳ್ಳಬೇಕು. ಡ್ಯುಯಲ್‌ಸೆನ್ಸ್‌ನಲ್ಲೂ ನಿಂಟೆಂಡೊ ಪ್ರೊದಲ್ಲೂ ಅದಿದೆ. ನನಗೆ ಬಿಲ್ಲು ಹಿಡಿಯುವ ಆಟಗಳೆಂದರೆ ಪ್ರಾಣ. ಗೈರೊ ಇಲ್ಲದ ಕಂಟ್ರೋಲರ್ ನನ್ನ ಮಟ್ಟಿಗೆ ಅರ್ಧ ಕಂಟ್ರೋಲರ್.

ಎರಡನೇ ವಾರ ಡೆಕ್ಕನ್ನು ಟಿವಿಗೆ ಜೋಡಿಸಿದೆ. ಆಟದಲ್ಲಿ ಒಂದು ಬಗೆಯ ಮಂದತನ ಕಾಣಿಸಿಕೊಂಡಿತು. ಗುಂಡಿ ಒತ್ತಿದ ಮೇಲೆ ಜಿಗಿತ ಒಂದು ಎಳೆ ತಡವಾಗಿ ಬರುತ್ತಿತ್ತು. ಸೆಕೆಂಡಿಗೆ 60 ಚಿತ್ರಗಳ ಆಟದಲ್ಲಿ ಒಂದು ಚಿತ್ರದ ಆಯಸ್ಸು 16.7 ಮಿಲಿಸೆಕೆಂಡ್, ಅಂಥ ಐದಾರು ಚಿತ್ರಗಳಷ್ಟು ತಡವಾದರೆ ಬೆರಳಿಗೆ ತಿಳಿದೇ ತಿಳಿಯುತ್ತದೆ. ತಪ್ಪೆಲ್ಲ ಬ್ಲೂಟೂತ್‌ನದೆಂದು ಹೊಸ ಡಾಂಗಲ್ ಕೊಳ್ಳಲು ಹೊರಟಿದ್ದೆ. ಅದಕ್ಕೆ ಮುನ್ನ ಒಂದು ಪರೀಕ್ಷೆ ಮಾಡಿದೆ. ಅದೇ ಕಂಟ್ರೋಲರ್, ಅದೇ ಬ್ಲೂಟೂತ್, ಅದೇ ಆಟ; ಟಿವಿ ಬಿಟ್ಟು ಡೆಕ್‌ನ ಪರದೆಯಲ್ಲೇ ಆಡಿದೆ. ಮಂದತನ ಮಾಯ! ಚಿತ್ರವನ್ನು ಸುಂದರಗೊಳಿಸಲು ಟಿವಿ ತೆಗೆದುಕೊಳ್ಳುತ್ತಿದ್ದ ಸಮಯವೇ ನನ್ನ ಜಿಗಿತವನ್ನು ತಡಮಾಡುತ್ತಿತ್ತು. ಟಿವಿಯ ಚಿತ್ರ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಆರಿಸಿದ ಮೇಲೆ ಸರಿಹೋಯಿತು. ಇಷ್ಟಾದ ಮೇಲೂ ಆಗೊಮ್ಮೆ ಈಗೊಮ್ಮೆ ಸಂಪರ್ಕ ತುಂಡಾಗುತ್ತಿತ್ತು. ಅದರ ಕಾರಣ ಬೇರೆಯೇ ಇತ್ತು. ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಅಲೆಗಳಲ್ಲಿ. ಯುಎಸ್‌ಬಿ 3.0 ಸಾಧನಗಳೂ ಅವುಗಳ ಕೇಬಲ್‌ಗಳೂ ಅದೇ ಅಲೆಗಳ ವ್ಯಾಪ್ತಿಯಲ್ಲಿ ಗದ್ದಲ ಹೊರಸೂಸುತ್ತವೆ. ನಾನು ಹಬ್‌ಗೆ ಹೊರ ಡಿಸ್ಕ್ ಸಿಕ್ಕಿಸಿ, ಎರಡನ್ನೂ ಡೆಕ್‌ಗೆ ಅಂಟಿಸಿದಂತೆ ಇಟ್ಟಿದ್ದೆ. ಅವನ್ನು ಒಂದು ಗೇಣು ದೂರ ಸರಿಸಿದೆ, ಆಮೇಲೆ ತುಂಡಾಗಿಲ್ಲ. ಡಾಂಗಲ್ ಬಳಸುವವರು ಅದನ್ನು ಚಿಕ್ಕ ಎಕ್ಸ್‌ಟೆನ್ಶನ್ ಕೇಬಲ್‌ನಲ್ಲಿ ಹಬ್‌ನಿಂದ ದೂರ ತಂದು, ಕಂಟ್ರೋಲರ್‌ಗೆ ಎದುರಾಗಿ ಇಟ್ಟುಕೊಂಡರೆ ಇದೇ ಲಾಭ ಸಿಗುತ್ತದೆ.

ತಮ್ಮನಿಗೆಂದು ಹೊರತೆಗೆದ ಎರಡನೆಯ ಕಂಟ್ರೋಲರ್ ಹಳೆಯದು. ಸ್ಟಿಕ್ ಮುಟ್ಟದೇ ಇದ್ದರೂ ಅವನ ಆಟಗಾರ ಎಡಕ್ಕೆ ಜಾರುತ್ತಿದ್ದ. ಸೆಟ್ಟಿಂಗ್‌ನ ಪರೀಕ್ಷಾ ಪುಟ ತೆರೆದು ನೋಡಿದೆವು: ವೃತ್ತದ ನಡುವೆ ನಿಲ್ಲಬೇಕಾದ ಚುಕ್ಕಿ, ಎಡಕ್ಕೆ ಒಂದು ಕಡ್ಡಿಯಷ್ಟು ಸರಿದು ಸಣ್ಣಗೆ ನಡುಗುತ್ತಿತ್ತು. ಮಾಮೂಲಿ ಸ್ಟಿಕ್‌ಗಳ ಒಳಗೆ ಉಜ್ಜಾಡುವ ಭಾಗಗಳಿರುತ್ತವೆ, ವರ್ಷಗಳ ಬಳಕೆಯಲ್ಲಿ ಅವು ಸವೆಯುತ್ತವೆ. ಡೆಡ್‌ಝೋನ್ ಅನ್ನು, ಅಂದರೆ ಸ್ಟಿಕ್‌ನ ಎಷ್ಟು ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯಬಾರದೆಂಬ ಮಿತಿಯನ್ನು, ಚೂರು ಚೂರೇ ಏರಿಸುತ್ತ ಹೋಗಿ, ಜಾರುವುದು ನಿಂತ ಕಡೆಗೆ ನಿಲ್ಲಿಸಿದೆವು. ಅದಕ್ಕಿಂತ ಹೆಚ್ಚಿಸಿದರೆ ಮೆಲ್ಲಗೆ ನಡೆಯುವುದೇ ಆಗದು, ನಿಂತವನು ಒಮ್ಮೆಲೇ ಓಡುತ್ತಾನೆ. ಮುಂದೆ ಕೊಳ್ಳುವಾಗ ಆಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಸ್ಟಿಕ್ ಇರುವುದನ್ನೇ ಕೊಳ್ಳುತ್ತೇನೆ, ಅದರಲ್ಲಿ ಉಜ್ಜಾಟವಿಲ್ಲ.

ಡೆಕ್ ನಿಲ್ಲಿಸುವ ಜಾಗದ ಬಗ್ಗೆ ಒಂದು ಮಾತು. ಅದು ಬೆನ್ನಿನಿಂದ ಗಾಳಿ ಎಳೆದುಕೊಂಡು ನೆತ್ತಿಯಿಂದ ಬಿಸಿಗಾಳಿ ಬಿಡುತ್ತದೆ. ದಿಂಬಿಗೆ ಒರಗಿಸಿದರೆ ಬೆನ್ನು ಮುಚ್ಚಿಹೋಗುತ್ತದೆ. ಹಿಂದೆ ತೆರೆದಿರುವ ಸ್ಟ್ಯಾಂಡ್ ಬೇಕು.

ಈಗ ಸಂಜೆ ಆಟಕ್ಕೆ ಕೂರುವಾಗ ಡೆಕ್ ಕಣ್ಣಿನ ಮಟ್ಟದಲ್ಲಿ ಇರುತ್ತದೆ, ಕೈಗಳು ತೊಡೆಯ ಮೇಲೆ. ಹೆಬ್ಬೆರಳಿನ ಬುಡದ ನೋವು ಹೋಗಿದೆ. ತಮ್ಮ ಬಂದು ಪಕ್ಕದಲ್ಲಿ ಕೂರುತ್ತಾನೆ, ಸರದಿಯ ಪಟ್ಟಿ ತೆರೆದು ನೋಡಿ ದಿನವೂ ಅದೇ ಮಾತು ಕೇಳುತ್ತಾನೆ: "ಅಕ್ಕಾ, ಇವತ್ತು ಒಂದನೆಯದು ನನ್ನದು ಇರಲಿ?"