ಚಿತ್ರಕಾರರ ಪೋರ್ಟ್‌ಫೋಲಿಯೊ: ಯಾವುದನ್ನು ಇಡಬೇಕು, ಯಾವುದನ್ನು ಬಿಡಬೇಕು

ಪೋರ್ಟ್‌ಫೋಲಿಯೊ (ಕೆಲಸ ಕೊಡುವವರಿಗೆ ತೋರಿಸಲು ಆಯ್ದ ಚಿತ್ರಗಳ ಸಂಗ್ರಹ) ಸಿದ್ಧಪಡಿಸಲು ಕುಳಿತವರು ಮೊದಲು ಇದುವರೆಗೆ ಬರೆದ ಚಿತ್ರಗಳನ್ನೆಲ್ಲ ಒಂದೆಡೆ ರಾಶಿ ಹಾಕುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆ ರಾಶಿಯನ್ನೇ ಪೋರ್ಟ್‌ಫೋಲಿಯೊ ಎಂದು ಭಾವಿಸುವುದು ಮಾತ್ರ ತಪ್ಪು. ಅದನ್ನು ನೋಡುವ ಸಂಪಾದಕರಾಗಲಿ ಕಲಾ ನಿರ್ದೇಶಕರಾಗಲಿ ನೀವು ಎಷ್ಟು ವರ್ಷ ದುಡಿದಿದ್ದೀರಿ ಎಂದು ಲೆಕ್ಕ ಹಾಕುವುದಿಲ್ಲ. ತಮ್ಮ ಕೈಯಲ್ಲಿರುವ ಕೆಲಸವನ್ನು ನಿಮಗೆ ಒಪ್ಪಿಸಬಹುದೇ ಎಂಬುದಷ್ಟೇ ಅವರ ಪ್ರಶ್ನೆ, ಅದಕ್ಕೆ ಅವರ ಬಳಿ ಇರುವುದೂ ಕೆಲವೇ ನಿಮಿಷ. ಆದ್ದರಿಂದ ಮುಂದೆ ಯಾವ ಬಗೆಯ ಕೆಲಸ ಬರಲಿ ಎಂದು ಬಯಸುತ್ತೀರೋ ಅದೇ ಬಗೆಯ ಕೆಲಸ ಅಲ್ಲಿ ಕಾಣಬೇಕು. ಲೋಗೊ ಮಾಡಿ ಮಾಡಿ ಬೇಸತ್ತವರು ಪುಟದ ತುಂಬ ಲೋಗೊಗಳನ್ನೇ ಇಟ್ಟರೆ ಮತ್ತೆ ಹುಡುಕಿಕೊಂಡು ಬರುವುದು ಲೋಗೊದ ಕೆಲಸವೇ.

ಹನ್ನೆರಡರಿಂದ ಹದಿನೈದು ಚಿತ್ರಗಳು ಸಾಕು; ಇಪ್ಪತ್ತು ದಾಟಿದರೆ ಆಯ್ಕೆ ಸಡಿಲವಾಗಿದೆ ಎಂದೇ ನನ್ನ ಅಭಿಪ್ರಾಯ. ಎಲ್ಲವನ್ನೂ ಚಿಕ್ಕದಾಗಿ ಮುದ್ರಿಸಿ ನೆಲದ ಮೇಲೆ ಹರಡಿ ನೋಡಿದರೆ, ಯಾವುದು ಉಳಿದವುಗಳ ಪಕ್ಕದಲ್ಲಿ ಸಪ್ಪೆಯಾಗಿದೆ, ಯಾವ ಎರಡು ಚಿತ್ರಗಳು ಒಂದೇ ಮಾತನ್ನು ಹೇಳುತ್ತಿವೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಕಷ್ಟವಾಗುವುದು ಬಹಳ ಶ್ರಮ ಹಾಕಿದ ಚಿತ್ರವನ್ನು ಕೈಬಿಡುವಾಗ. ಮೂರು ವಾರ ಕುಳಿತು ಬರೆದದ್ದೆಂಬ ಸಂಗತಿ ನಿಮಗೆ ಗೊತ್ತು, ನೋಡುವವರಿಗೆ ಗೊತ್ತಿಲ್ಲ, ಗೊತ್ತಾದರೂ ಅದರಿಂದ ಚಿತ್ರ ಸುಧಾರಿಸುವುದಿಲ್ಲ.

ಆಯ್ಕೆಯು ನೀವು ಸೇರಬಯಸುವ ಕ್ಷೇತ್ರಕ್ಕೆ ಹೊಂದಬೇಕು. ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯಬೇಕೆನ್ನುವವರು ಬಿಡಿ ಚಿತ್ರಗಳನ್ನಷ್ಟೇ ತೋರಿಸಿದರೆ ಸಾಲದು, ಏಕೆಂದರೆ ಪ್ರಕಾಶಕರಿಗೆ ಇರುವ ಮುಖ್ಯ ಅನುಮಾನವೇ ಮೊದಲ ಪುಟದ ಹುಡುಗಿ ಕೊನೆಯ ಪುಟದಲ್ಲಿಯೂ ಅದೇ ಹುಡುಗಿಯಾಗಿ ಉಳಿದಾಳೆಯೇ ಎಂಬುದು. ಒಂದೇ ಪಾತ್ರವು ನಗುವಾಗ, ಅಳುವಾಗ, ಓಡುವಾಗ, ಬೆನ್ನು ತಿರುಗಿಸಿ ನಿಂತಾಗ ಹೇಗೆ ಕಾಣುತ್ತದೆ ಎಂಬುದನ್ನು ತೋರಿಸಿ. ಜೊತೆಗೆ ಒಂದು ಕಥೆಯ ಎರಡು ಮೂರು ಅನುಕ್ರಮ ಪುಟಗಳನ್ನು, ಪಠ್ಯಕ್ಕೆ ಜಾಗ ಬಿಟ್ಟು, ಪುಸ್ತಕದ ನಡುಮಡಿಕೆಯಲ್ಲಿ ಯಾರ ಮುಖವೂ ಸಿಕ್ಕಿಹಾಕಿಕೊಳ್ಳದಂತೆ ರಚಿಸಿ ಸೇರಿಸಿ. ಪತ್ರಿಕೆಗಳಿಗೆ ಚಿತ್ರ ಬರೆಯುವವರು ಲೇಖನವೊಂದರ ವಿಚಾರವನ್ನು ಒಂದೇ ಚಿತ್ರದಲ್ಲಿ ಹಿಡಿಯಬಲ್ಲೆವೆಂದು ತೋರಿಸಬೇಕು. ವಿನ್ಯಾಸಕರಾದರೆ ಅಂತಿಮ ರೂಪದ ಜೊತೆಗೆ ಸಮಸ್ಯೆ ಏನಿತ್ತು, ಯಾವ ಕರಡುಗಳನ್ನು ಏಕೆ ಬಿಟ್ಟಿರಿ ಎಂಬುದನ್ನು ಒಂದೆರಡು ಕೆಲಸಗಳಿಗಾದರೂ ವಿವರಿಸಬೇಕು; ಎಲ್ಲದಕ್ಕೂ ವಿವರಿಸಿದರೆ ಯಾರೂ ಓದುವುದಿಲ್ಲ.

ಇನ್ನೂ ಗ್ರಾಹಕರಿಲ್ಲದವರು ತಮಗೆ ತಾವೇ ಕೆಲಸ ಕೊಟ್ಟುಕೊಳ್ಳಬಹುದು: ಒಂದು ಜಾನಪದ ಕಥೆ, ನಿಗದಿತ ಅಳತೆ, ಹತ್ತು ದಿನಗಳ ಗಡುವು. ಅದು ಸ್ವಂತ ಅಭ್ಯಾಸವೆಂದು ಕೆಳಗೆ ಸ್ಪಷ್ಟವಾಗಿ ನಮೂದಿಸಿ. ಯಾವುದೋ ಕಂಪನಿಗೆ ಮಾಡಿದ್ದೆಂಬ ಭ್ರಮೆ ಹುಟ್ಟಿಸುವುದು ಒಂದೇ ಫೋನ್ ಕರೆಯಲ್ಲಿ ಬಯಲಾಗುವ ಸುಳ್ಳು. ತಂಡದಲ್ಲಿ ಮಾಡಿದ ಕೆಲಸವಾದರೆ ನಿಮ್ಮ ಪಾಲು ಯಾವುದೆಂದು ಬರೆಯಿರಿ. ಇನ್ನೂ ಪ್ರಕಟವಾಗದ ಕೆಲಸವಾದರೆ ಗ್ರಾಹಕರ ಅನುಮತಿಯಿಲ್ಲದೆ ಸೇರಿಸಬೇಡಿ.

ಅತ್ಯುತ್ತಮ ಚಿತ್ರ ಮೊದಲಿರಲಿ, ಅದಕ್ಕೆ ಸರಿಸಮನಾದುದು ಕೊನೆಗಿರಲಿ. ಪ್ರತಿ ಚಿತ್ರದ ಕೆಳಗೆ ಶೀರ್ಷಿಕೆ, ವರ್ಷ, ಮಾಧ್ಯಮ, ಯಾರಿಗಾಗಿ ಮಾಡಿದ್ದು ಎಂಬಷ್ಟು ಸಾಕು. ತಂತ್ರಾಂಶಗಳ ಹೆಸರಿನ ಮುಂದೆ ಶೇಕಡಾವಾರು ಅಂಕ ಕೊಟ್ಟುಕೊಳ್ಳುವ ರೂಢಿಯನ್ನು ದಯವಿಟ್ಟು ಬಿಡಿ. ಫೋಟೊಶಾಪ್ 90 ಎಂದು ಬರೆದವರು ಉಳಿದ 10 ಯಾವುದೆಂದು ಹೇಳಿದ್ದನ್ನು ನಾನು ಕಂಡಿಲ್ಲ.

ಕಾಗದದ ಮೇಲಿನ ಚಿತ್ರಗಳನ್ನು ಕನಿಷ್ಠ 300 ಡಿಪಿಐನಲ್ಲಿ (ಅಂದರೆ ಪ್ರತಿ ಇಂಚಿಗೆ 300 ಚುಕ್ಕಿಗಳು), ಚಿಕ್ಕವಾದರೆ 600ರಲ್ಲಿ ಸ್ಕ್ಯಾನ್ ಮಾಡಿ, ಕಾಗದದ ಬಿಳುಪು ಹಳದಿಗೋ ನೀಲಿಗೋ ತಿರುಗಿದ್ದರೆ ಸರಿಪಡಿಸಿಕೊಳ್ಳಿ. ಸ್ಕ್ಯಾನರ್‌ಗೆ ಹಿಡಿಸದಷ್ಟು ದೊಡ್ಡ ಚಿತ್ರವನ್ನು ನೇರ ಬಿಸಿಲು ಬೀಳದ ಹಗಲು ಬೆಳಕಿನಲ್ಲಿ, ಕ್ಯಾಮೆರಾ ಅದಕ್ಕೆ ಸಮಾನಾಂತರವಾಗಿರುವಂತೆ ಹಿಡಿದು ತೆಗೆಯಬೇಕು. ಪರದೆಯ ಮೇಲೆ ನೋಡುವ ಪ್ರತಿಗೆ ಎಸ್‌ಆರ್‌ಜಿಬಿ ಬಣ್ಣ ವ್ಯವಸ್ಥೆ ಇರಲಿ. ಮುದ್ರಣಕ್ಕಾಗಿ ಸಿಎಂವೈಕೆ ಎಂಬ ಶಾಯಿ ಬಣ್ಣಗಳ ವ್ಯವಸ್ಥೆಗೆ ಬದಲಿಸಿದ ಕಡತವನ್ನೇ ಕಳುಹಿಸಿದರೆ ಬಣ್ಣಗಳು ಮಂಕಾಗಿ ಕಾಣಬಹುದು. ಉದ್ದದ ಬದಿ 2000 ಪಿಕ್ಸೆಲ್ ಆಸುಪಾಸಿನಲ್ಲಿದ್ದರೆ ಪಿಡಿಎಫ್ ಅನ್ನು 10 ಎಂಬಿಯೊಳಗೆ ಇಡುವುದು ಕಷ್ಟವಲ್ಲ. ಕಡತಕ್ಕೆ ‘ಫೈನಲ್ ಹೊಸದು 3’ ಎಂಬ ಹೆಸರಿಡದೆ ನಿಮ್ಮ ಹೆಸರನ್ನೇ ಇಡಿ, ಇ-ಮೇಲ್ ವಿಳಾಸವನ್ನು ಪ್ರತಿ ಪುಟದ ಅಂಚಿನಲ್ಲಿ ಚಿಕ್ಕದಾಗಿ ಹಾಕಿ, ಮೊದಲು ನಿಮಗೇ ಕಳುಹಿಸಿಕೊಂಡು ಮೊಬೈಲ್‌ನಲ್ಲಿ ಒಮ್ಮೆ ತೆರೆದು ನೋಡಿ. ಚಿತ್ರದ ಕೆಳಗಿನ ಅಕ್ಷರಗಳು ಅಲ್ಲಿ ಓದಲು ಬಾರದಿದ್ದರೆ ದೊಡ್ಡದು ಮಾಡಿದ ಮೇಲೆಯೇ ಇತರರಿಗೆ ಕಳುಹಿಸಿ.